ಕವಿತೆಗೆ ಕೇಳುಗರು ಎಲ್ಲಿ?

(ಕುರ್ಡಿಯಲ್ಲಿ ತರುಣ ಕವಿಗಳ ಮುಂದೆ ಮಾಡಿದ ಭಾಷಣ)

ಕವಿತೆಯ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಬಂದಿರುವ ತರುಣ ಮಿತ್ರರೇ,

ನಿಮ್ಮೂರಿನ ತರುಣರು ನಮ್ಮನ್ನು ಕರೆಯಲು ಬಂದಾಗ, ಕವಿತೆ ಬರೆಯುವುದು ಹೇಗೆಂಬುದನ್ನು ಕುರಿತು ಮಾತಾಡಿರೆಂದು ಕೇಳಲಿಲ್ಲ. “ಬರೆದುದನ್ನು ಕೇಳುವವರು ಎಲ್ಲಿ ಸಿಕ್ಕಾರು?” ಎಂದು ಕೇಳಿದರು. ಈ ಪ್ರಶ್ನೆಯಲ್ಲಿರುವ ನೋವನ್ನು ನಾವು ಬಲ್ಲೆವು. ನಾವೂ ತಾರುಣ್ಯದಲ್ಲಿ ಸ್ವಂತ ಹಣ ಹಾಕಿ ಕವಿತಾಸಂಗ್ರಹವೊಂದನ್ನು ಅಚ್ಚು ಹಾಕಿಸಿ, ಬಂಧುಬಳಗಕ್ಕೆಲ್ಲ ಹಂಚಿದೆವು. ಕೆಲವು ವರ್ಷಗಳ ತರುವಾಯ ಸಂಬಂಧಿಕರೊಬ್ಬರ ಮನೆಯಲ್ಲಿ ಆ ಪುಸ್ತಕವನ್ನು ಕಂಡು ಹರ್ಷದಿಂದ ತೆರೆದು ನೋಡಲು, ಕೊನೆಯ ಖಾಲಿ ಹಾಳೆಯಲ್ಲಿ ಹಾಲಿನ ಲೆಕ್ಕ ಬರೆದಿತ್ತು. ಇಡೀ ಪುಸ್ತಕದಲ್ಲಿ ಬಳಕೆಗೆ ಬಂದುದು ನಾವು ಏನನ್ನೂ ಬರೆಯದ ಆ ಒಂದು ಪುಟ ಮಾತ್ರ!

ಆ ದಿನ ನಾವು ಜನರನ್ನು ಹಳಿದೆವು. ಕನ್ನಡಿಗರಿಗೆ ರಸಿಕತೆಯಿಲ್ಲ, ಅಭಿಮಾನವಿಲ್ಲ ಎಂದೆವು. ಇಂದು ಹಾಗೆನ್ನಲಾರೆವು. ಯಾತಕ್ಕೆಂದರೆ, ಆ ಮನೆಯ ಹಿರಿಯ ಹೆಂಗಸಿಗೆ ನೂರಾರು ಪದಗಳು ಬಾಯಿಗೆ ಬರುತ್ತಿದ್ದವು. ಆಕೆ ಬೆಳಗಿನಿಂದ ಸಂಜೆಯವರೆಗೆ ಕವಿತೆಯೊಡನೆಯೇ ಬಾಳುತ್ತಿದ್ದಳು. ನಮ್ಮ ಕವಿತೆಯೊಡನೆ ಮಾತ್ರ ಬಾಳಲಿಲ್ಲ. ಹೀಗಿರಲು ದೋಷವು ಕೇಳುವವರದೇ ಎಂದು ಹೇಗೆ ಹೇಳೋಣ?

ಬಂಧುಗಳೇ, ಇದಕ್ಕೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಈ ನೆಲವೇ ಕನ್ನಡಕ್ಕೆ ಮೂವರು ದಾಸವರೇಣ್ಯರನ್ನು ಕೊಟ್ಟಿತು. ಮಾನವಿ ಸೀಮೆಯ ಚೀಕಲಪರವಿಯಲ್ಲಿ ವಿಜಯದಾಸರು, ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಗೋಪಾಲದಾಸರು, ಮಾನವಿಗೆ ಸಮೀಪದ ಬ್ಯಾಗವಾಟದಲ್ಲಿ ಜಗನ್ನಾಥದಾಸರು. ಇವರ ಕಾಲದಲ್ಲಿ ಇಲ್ಲಿ ಕನ್ನಡ ಮುದ್ರಣಾಲಯವಿರಲಿಲ್ಲ, ಪತ್ರಿಕೆಯಿರಲಿಲ್ಲ, ಸಭಾಭವನವಿರಲಿಲ್ಲ. ಆದರೂ ಅವರ ಪದಗಳು ಮನೆಮನೆಯನ್ನು ಸೇರಿದವು.

ಜಗನ್ನಾಥದಾಸರ ವೃತ್ತಾಂತವನ್ನು ತರುಣ ಕವಿಗಳು ವಿಶೇಷವಾಗಿ ಮನನ ಮಾಡತಕ್ಕದ್ದು. ಪೂರ್ವದಲ್ಲಿ ಅವರು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರನ್ನು ಅವರು ಲಘುವಾಗಿ ಕಂಡರೆಂದೂ, ಹೊಟ್ಟೆನೋವಿನ ನೆಪ ಹೇಳಿ ವಿಜಯದಾಸರ ಪಂಕ್ತಿಯ ಭೋಜನವನ್ನು ತಪ್ಪಿಸಿಕೊಂಡರೆಂದೂ, ನೆಪವಾಗಿದ್ದ ನೋವು ನಿಜವಾಗಿಯೇ ಬಂದಿತೆಂದೂ, ಕಡೆಗೆ ಗೋಪಾಲದಾಸರ ಅನುಗ್ರಹದಿಂದ ಗುಣಹೊಂದಿ ತಾವೂ ದಾಸರಾದರೆಂದೂ ಪರಂಪರೆಯು ಹೇಳುತ್ತದೆ. ಪವಾಡದ ಮಾತನ್ನು ಅವರವರ ನಂಬಿಗೆಗೆ ಬಿಡೋಣ. ನಮಗೆ ಮುಖ್ಯವಾದುದು ಇಷ್ಟು: ಪಂಡಿತರ ಸಭೆಯಲ್ಲಿ ಮನ್ನಣೆಯಿದ್ದ ಒಬ್ಬ ವಿದ್ವಾಂಸನು ಆ ಸಭೆಯಿಂದ ಎದ್ದು ಹೆಬ್ಬಾಗಿಲಿನ ಕಡೆಗೆ ನಡೆದನು.

ನಡೆದು ಬಂದು ಮಾಡಿದುದೇನು? ಶಾಸ್ತ್ರಾರ್ಥವನ್ನು ಕೈಬಿಟ್ಟರೇ? ಇಲ್ಲ. ಹರಿಕಥಾಮೃತಸಾರದಲ್ಲಿ ಕಠಿಣವಾದ ತತ್ತ್ವವನ್ನೇ ಹೇಳಿದರು. ಆದರೆ ಜನರ ಕಿವಿಗೆ ಪರಿಚಿತವಾದ ಭಾಮಿನಿ ಷಟ್ಪದಿಯಲ್ಲಿ ಹೇಳಿದರು. ಇನ್ನೊಂದು ಕೃತಿಗೆ ತತ್ತ್ವಸುವ್ವಾಲಿಯೆಂದು ಹೆಸರಿಟ್ಟರು. ಸುವ್ವಿ ಎಂಬುದು ಧಾನ್ಯ ಕುಟ್ಟುವ ಹೆಂಗಸರ ಪಲ್ಲವಿ. ಒನಕೆಯ ಏರಿಳಿತಕ್ಕೆ ಹೊಂದುವ ತ್ರಿಪದಿಯಲ್ಲಿ ತತ್ತ್ವವನ್ನು ಇಳಿಸಿದರು. ಅರ್ಥವನ್ನು ಅಗ್ಗ ಮಾಡಲಿಲ್ಲ. ದಾರಿಯನ್ನು ಹತ್ತಿರ ಮಾಡಿದರು. ಈ ಎರಡರ ನಡುವಣ ಭೇದವನ್ನು ತಿಳಿದವನಿಗೆ ಕೇಳುಗರ ಚಿಂತೆ ಅರ್ಧ ತೀರಿದಂತೆಯೇ.

ಇನ್ನು ಈ ಸೀಮೆಯ ಇತಿಹಾಸವನ್ನು ನೆನೆಯಿರಿ. 1948ರವರೆಗೆ ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ. ಕಚೇರಿಯಲ್ಲಿ ಕನ್ನಡಕ್ಕೆ ಆಸನವಿಲ್ಲದ ಆ ದಿನಗಳಲ್ಲಿ ಅದನ್ನು ಕಾಯ್ದವರು ಯಾರು? ಭಜನೆಯ ತಾಳ, ಬೀಸುವ ಕಲ್ಲು, ತತ್ತ್ವಪದದ ಏಕತಾರಿ. ಅಲಾಯಿ ಹಬ್ಬದಲ್ಲಿ ಹಿಂದೂ ಮುಸಲ್ಮಾನರು ಕೂಡಿ ಕನ್ನಡದಲ್ಲಿಯೇ ಹಾಡುವ ರಿವಾಯತ್ ಪದಗಳು. ಕಣ್ಣಿಗೆ ದೊರೆಯದ ಕನ್ನಡವನ್ನು ಕಿವಿಯು ಉಳಿಸಿತು.

1934ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನೆರೆಯಿತು. ಅಧ್ಯಕ್ಷರಾಗಿ ಬಂದವರು ಪಂಜೆ ಮಂಗೇಶರಾಯರು. ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡದವರು, ಶಾಲೆಯ ಮಕ್ಕಳಿಗಾಗಿ ಹಾಡು ಕಟ್ಟಿದವರು. ಆಗ ಕನ್ನಡನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ನಾಡು ಒಂದಾದುದು 1956ನೆಯ ನವೆಂಬರ 1ರಂದು. ಆದರೆ ಕೇಳುವ ಕಿವಿಗಳು ಅದಕ್ಕೂ ಮುಂಚೆಯೇ ಒಂದಾಗತೊಡಗಿದ್ದವು. ಏಕೀಕರಣವು ಕವಿಗಳಿಗೆ ಕೇಳುಗರನ್ನು ಕೊಟ್ಟಿತೆನ್ನುವುದು ಅರ್ಧ ಸತ್ಯ. ಒಂದೇ ಹಾಡನ್ನು ಕೇಳಿದ ಜನರೇ ಒಂದೇ ನಾಡನ್ನು ಬೇಡಿದರೆನ್ನುವುದು ಉಳಿದರ್ಧ.

ಇದೇ ಜಿಲ್ಲೆಯ ಹೆಂಬೆರಾಳಿನಲ್ಲಿ 1924ರಲ್ಲಿ ಜನಿಸಿದ ಶಾಂತರಸರು ಉರ್ದುವನ್ನು ದ್ವೇಷಿಸಲಿಲ್ಲ. ಅದರ ಗಜಲನ್ನು ಕನ್ನಡಕ್ಕೆ ತಂದು ನೆಲೆಗೊಳಿಸಿದರು. ಮುಷಾಯಿರಾದಲ್ಲಿ ಕವಿಯು ಮೊದಲ ಸಾಲನ್ನು ಮತ್ತೆ ಮತ್ತೆ ಹೇಳುತ್ತಾನೆ. ಕೇಳುಗನು ಮುಂದಿನ ಪ್ರಾಸಕ್ಕಾಗಿ ಕಾತರಿಸುತ್ತಾನೆ. ಅದು ಬಂದೊಡನೆ ಕವಿಯೊಡನೆ ತಾನೂ ನುಡಿಯುತ್ತಾನೆ. ಅಲ್ಲಿ ಕೇಳುಗನು ಸುಮ್ಮನೆ ಕುಳಿತವನಲ್ಲ, ಕವಿತೆಯ ಪಾಲುಗಾರ.

ನಮ್ಮ ಇಂದಿನ ಕವಿಗೋಷ್ಠಿಗಳನ್ನು ನೋಡಿರಿ. ವೇದಿಕೆಯ ಮೇಲೆ ಇಪ್ಪತ್ತೈದು ಕವಿಗಳು, ಕೆಳಗೆ ಹದಿನೈದು ಶ್ರೋತೃಗಳು. ತನ್ನ ಸರದಿ ಮುಗಿದ ಕವಿ ಹಾರವನ್ನು ಚೀಲದಲ್ಲಿರಿಸಿ ಮೆಲ್ಲಗೆ ಬಸ್ಸು ಹಿಡಿಯುತ್ತಾನೆ. ಕೊನೆಯ ಕವಿಗೆ ಧ್ವನಿವರ್ಧಕದವನೇ ಶ್ರೋತೃ. ಅವನೂ ತಂತಿ ಸುತ್ತುತ್ತಿರುತ್ತಾನೆ. ಮಿತ್ರರೇ, ಬೇರೆಯವರ ಕವಿತೆಯನ್ನು ಕೇಳದವನಿಗೆ ತನ್ನದನ್ನು ಕೇಳಿರೆನ್ನುವ ಅಧಿಕಾರ ಎಲ್ಲಿಯದು?

ಆದುದರಿಂದ ನಮ್ಮ ಅರಿಕೆ ಮೂರು. ಮೊದಲನೆಯದು, ಅಚ್ಚಿಗೆ ಕೊಡುವ ಮುನ್ನ ನಿಮ್ಮ ಕವಿತೆಯನ್ನು ಹತ್ತು ಜನರ ಮುಂದೆ ಬಾಯಿಬಿಟ್ಟು ಓದಿರಿ. ಎಲ್ಲಿ ಅವರ ಕಣ್ಣು ಬಾಗಿಲ ಕಡೆಗೆ ಹೊರಳುವುದೋ ಆ ಸಾಲಿಗೆ ಗುರುತು ಹಾಕಿರಿ. ಅದಕ್ಕಿಂತ ನಿಷ್ಪಕ್ಷಪಾತಿಯಾದ ವಿಮರ್ಶಕನಿಲ್ಲ. ಎರಡನೆಯದು, ಗೋಷ್ಠಿಗೆ ಹೋದರೆ ಕಡೆಯ ಕವಿಯವರೆಗೆ ಕುಳಿತಿರಿ. ಮೂರನೆಯದು ಅಧ್ಯಾಪಕರಿಗೆ: ವಾರಕ್ಕೆ ಒಂದು ಗಳಿಗೆಯಾದರೂ ಪರೀಕ್ಷೆಯ ಭಯವಿಲ್ಲದೆ ಮಕ್ಕಳಿಂದ ಪದ್ಯಗಳನ್ನು ಹಾಡಿಸಿರಿ, ಅವರ ಅಜ್ಜಿಯರಿಂದ ಪದಗಳನ್ನು ಕಲಿತು ಬರಲು ಹೇಳಿರಿ. ನಾಳಿನ ಕೇಳುಗರು ತಯಾರಾಗುವುದು ಅಲ್ಲಿಯೇ.

ಒಂದು ಎಚ್ಚರಿಕೆಯ ಮಾತು. ಕೇಳುಗರನ್ನು ಹುಡುಕುವುದೆಂದರೆ ಚಪ್ಪಾಳೆಯನ್ನು ಬೇಡುವುದಲ್ಲ. ದಾಸರು ಹೊಸ್ತಿಲಲ್ಲಿ ನಿಂತು, ಆ ಮನೆಯವರ ಡಾಂಭಿಕತೆಯನ್ನೇ ಹಾಡಿನಲ್ಲಿ ಜರೆದರು. ಆದರೂ ಮನೆಯವರು ಜೋಳವನ್ನು ನೀಡಿದರು. ಜನರು ಮುಖಸ್ತುತಿಯನ್ನು ಒಂದು ದಿನ ಕೇಳಿ ಮರೆಯುತ್ತಾರೆ. ತಮ್ಮವನೊಬ್ಬನು ನೊಂದು ಆಡಿದ ಸತ್ಯವನ್ನು ಮೊಮ್ಮಕ್ಕಳಿಗೂ ಹೇಳುತ್ತಾರೆ.

ನಿಮ್ಮ ಕೇಳುಗರು ಬೆಂಗಳೂರಿನ ಯಾವುದೋ ಸಭೆಯಲ್ಲಿ ಕಾದು ಕುಳಿತಿಲ್ಲ. ಈ ಕುರ್ಡಿಯ ಕಟ್ಟೆಯ ಮೇಲೆ, ಹತ್ತಿ ಬಿಡಿಸುವ ಸಾಲಿನಲ್ಲಿ, ನಿಮ್ಮ ಮನೆಯ ಅಡುಗೆಯ ಒಲೆಯ ಮುಂದೆ ಇದ್ದಾರೆ. ಜೇಬಿನಲ್ಲಿರುವ ಹಾಳೆಗಳನ್ನು ಈಗ ಹೊರಗೆ ತೆಗೆಯಿರಿ. ನಾವು ಮಾತು ಮುಗಿಸಿ ಕೆಳಗೆ ಬಂದು ಕುಳಿತುಕೊಳ್ಳುತ್ತೇವೆ. ಕಡೆಯ ಕವಿತೆಯವರೆಗೂ ಏಳುವುದಿಲ್ಲ.