ಸೌರಗೋಪುರವೂ ಪೆಟ್ಲುಪ್ಪೂ

ಆರ್ಕಿಮಿಡೀಸನು ಕನ್ನಡಿಗಳಿಂದ ಬಿಸಿಲನ್ನು ಕೂಡಿಸಿ ಶತ್ರುಗಳ ಹಡಗುಗಳನ್ನು ಸುಟ್ಟನೆಂಬ ಕಥೆಯನ್ನು ನಂಬುವವರು ನಂಬಲಿ. ಸೌರಗೋಪುರದ ನಿಶ್ಚಿತವಾದ ಇತಿಹಾಸವು ಇಟಲಿಯ ಜಿನೋವಾ ನಗರದ ಸಮೀಪದಲ್ಲಿ, 1960ರ ದಶಕದಲ್ಲಿ, ಜೊವಾನ್ನಿ ಫ್ರಾಂಚಾ ಎಂಬ ಗಣಿತಜ್ಞನು ಸೂರ್ಯನನ್ನನುಸರಿಸಿ ತಿರುಗುವ ಅನೇಕ ಕನ್ನಡಿಗಳ ಬೆಳಕನ್ನು ಎತ್ತರದಲ್ಲಿಟ್ಟ ಒಂದೇ ಪಾತ್ರೆಯ ಮೇಲೆ ಬೀಳಿಸಿ ಉಗಿಯನ್ನು ಪಡೆದಲ್ಲಿಂದ ಆರಂಭವಾಗುತ್ತದೆ.

ಅದೇ ತತ್ತ್ವವನ್ನು ಬೃಹತ್ಪ್ರಮಾಣದಲ್ಲಿ ಪರೀಕ್ಷಿಸಲೆಂದು ಕ್ಯಾಲಿಫೋರ್ನಿಯದ ಮೊಹಾವಿ ಮರುಭೂಮಿಯಲ್ಲಿ ನಿರ್ಮಿತವಾದ 'ಸೋಲಾರ್ ಒನ್' 1982ರಲ್ಲಿ ಕಾರ್ಯಾರಂಭ ಮಾಡಿತು. 1818 ಕನ್ನಡಿಗಳು, ಶಕ್ತಿ 10 ಮೆಗಾವಾಟ್. ಗೋಪುರದ ಶಿರದಲ್ಲಿಯೇ ನೀರು ಕುದಿದು ಉಗಿಯಾಗುತ್ತಿದ್ದುದರಿಂದ, ಒಂದು ಮೋಡ ಅಡ್ಡಬಂದರೂ ಟರ್ಬೈನಿನ ನಡೆ ತಡವರಿಸುತ್ತಿತ್ತು; ಎಣ್ಣೆಯಲ್ಲಿಯೂ ಕಲ್ಲುಗಳಲ್ಲಿಯೂ ಕೂಡಿಟ್ಟ ಶಾಖದಿಂದ ಬರುತ್ತಿದ್ದ ಉಗಿಯಾದರೋ ಸತ್ತ್ವಹೀನವಾಗಿತ್ತು.

ಈ ಕೊರತೆಯನ್ನು ನೀಗಿದುದು, ಪಟಾಕಿಯ ಮದ್ದಿಗೆ ಬೀಳುವ ನಮ್ಮ ಪೆಟ್ಲುಪ್ಪು! ನೂರರಲ್ಲಿ 40 ಪಾಲು ಅದನ್ನೂ, 60 ಪಾಲು ಅದರ ದಾಯಾದಿಯಾದ ಸೋಡಿಯಂ ನೈಟ್ರೇಟನ್ನೂ ಬೆರೆಸಿ ಕರಗಿಸಿದರೆ ನೀರಿನಂತೆ ತಿಳಿಯಾದ ದ್ರವ ದೊರೆಯುತ್ತದೆ. 1996ರಲ್ಲಿ ಅದೇ ಸ್ಥಾವರವು 'ಸೋಲಾರ್ ಟೂ' ಎಂಬ ಹೆಸರಿನಿಂದ ಪುನರ್ಜನ್ಮ ತಾಳಿದಾಗ, ಈ ದ್ರವವು 'ತಣ್ಣನೆಯ' ತೊಟ್ಟಿಯಿಂದ (ಅಲ್ಲಿಯ ತಂಪೂ 290 ಡಿಗ್ರಿ ಸೆಲ್ಸಿಯಸ್!) ಮೇಲೇರಿ, ಕರಿಬಣ್ಣ ಬಳಿದ ತೆಳುಗೊಳವೆಗಳಲ್ಲಿ ಹರಿದು, 565 ಡಿಗ್ರಿಗೆ ಕಾದು, ಬಿಸಿತೊಟ್ಟಿಗೆ ಇಳಿಯುತ್ತಿತ್ತು, ವಿದ್ಯುತ್ತು ಬೇಕಾದ ಹೊತ್ತಿಗೆ ಅದರಿಂದ ಉಗಿಯೆಬ್ಬಿಸಿದರಾಯಿತು. ಬಿಸಿಲನ್ನು ಗಳಿಸುವ ಕಾಲಕ್ಕೂ ವ್ಯಯಿಸುವ ಕಾಲಕ್ಕೂ ಇದ್ದ ಗಂಟು ಹೀಗೆ ಬಿಚ್ಚಿತು. ಈ ಶೋಧದ ಮುಂದೆ ಕನ್ನಡಿಗಳ ಬೆಡಗೆಲ್ಲ ಗೌಣವೆಂದೇ ನನ್ನ ಅಭಿಪ್ರಾಯ. ಆದರೆ ಉಪ್ಪು ಸುಲಭದ ಸೇವಕನಲ್ಲ: ಶಾಖವು 220 ಡಿಗ್ರಿಯ ಆಸುಪಾಸಿಗೆ ಇಳಿಯಿತೆಂದರೆ ಕೊಳವೆಯೊಳಗೇ ಕಲ್ಲಾಗಿ ಕುಳಿತುಬಿಡುತ್ತದೆ.

2011ರಲ್ಲಿ ಸ್ಪೇನಿನ ಸೆವಿಲ್ಲೆ ಪ್ರಾಂತದಲ್ಲಿ ಮೊದಲಾದ 'ಹೆಮಾಸೋಲಾರ್', 2650 ಕನ್ನಡಿಗಳೂ 15 ಗಂಟೆಗಳ ಶಾಖಸಂಗ್ರಹವೂ ಉಳ್ಳದ್ದಾಗಿ, ಅಹೋರಾತ್ರಿ ವಿದ್ಯುತ್ತನ್ನಿತ್ತಿತು. ಅದೇ ವರ್ಷ ನಮ್ಮ ಬಿಕಾನೇರಿನಲ್ಲಿಯೂ 2.5 ಮೆಗಾವಾಟಿನ ಸಣ್ಣ ಗೋಪುರಸ್ಥಾವರವೊಂದು ಎದ್ದಿತು. ನೆವಾಡಾದ 110 ಮೆಗಾವಾಟಿನ 'ಕ್ರೆಸೆಂಟ್ ಡ್ಯೂನ್ಸ್' ಮಾತ್ರ, 2016ರಲ್ಲಿ ಉಪ್ಪಿನ ತೊಟ್ಟಿ ಸೋರಿದ್ದರಿಂದ ತಿಂಗಳುಗಟ್ಟಲೆ ನಿಂತುಹೋಯಿತು. ಅಷ್ಟರಲ್ಲಿ ಬಿಸಿಲನ್ನು ನೇರವಾಗಿ ವಿದ್ಯುತ್ತಾಗಿಸುವ ಸೌರಫಲಕಗಳ ಬೆಲೆ ಕುಸಿದುದರಿಂದ, ಹಗಲಿನ ವಿದ್ಯುತ್ತಿಗೋಸ್ಕರ ಗೋಪುರವನ್ನು ಕಟ್ಟುವುದರಲ್ಲಿ ಅರ್ಥವುಳಿಯಲಿಲ್ಲ. ಅದರ ಹಕ್ಕೇನಿದ್ದರೂ ಸೂರ್ಯಾಸ್ತದ ಅನಂತರವೇ, ಅದೂ ಮೋಡವಿರಳವಾದ ದೇಶಗಳಲ್ಲಿಯೇ.

ಚಿಲಿಯ ಅಟಕಾಮಾ ಅಂಥದೊಂದು ಪ್ರದೇಶ. ಒಂದು ಕಾಲಕ್ಕೆ ಜಗತ್ತಿನ ಹೊಲಗಳಿಗೂ ಮದ್ದಿನ ಕಾರ್ಖಾನೆಗಳಿಗೂ ಹಡಗುಗಟ್ಟಲೆ ನೈಟ್ರೇಟನ್ನು ಕಳುಹಿಸಿದ ಆ ಮರುಭೂಮಿಯಲ್ಲಿ, 17.5 ಗಂಟೆಗಳ ಶಾಖವನ್ನು ಕರಗಿದ ಉಪ್ಪಿನಲ್ಲಿ ಕಾಪಿಡಬಲ್ಲ 110 ಮೆಗಾವಾಟಿನ ಗೋಪುರವು 2021ರಲ್ಲಿ ಉದ್ಘಾಟಿತವಾಯಿತು.