ನೆಹೆಮೀಯನ ಗೋಡೆ, ನಮ್ಮ ಮನೆ
(ಬಳೇಪೇಟೆಯ ಸಭೆಯಲ್ಲಿ ಆಡಿದ ಮಾತು)



ಇವತ್ತು ನಮಗೆ ಕೊಟ್ಟಿರುವ ವಿಷಯ ಮನೆ. ಎರಡು ಪದ್ಯ ಓದಿ ಅಂದಿದ್ದರೆ ಸುಲಭವಾಗ್ತಿತ್ತು. ಮನೆಯ ಬಗ್ಗೆ ಮಾತಾಡೋದು ಕಷ್ಟ. ಯಾಕೆಂದರೆ ಇಲ್ಲಿ ಕೂತಿರುವ ಬಹಳ ಜನಕ್ಕೆ ಟ್ರಂಕು ಇಡುವಷ್ಟು ಜಾಗ ಬಿಟ್ಟರೆ ಈ ನಗರದಲ್ಲಿ ಬೇರೆ ಜಾಗವಿಲ್ಲ. ಡಿಗ್ರಿ ಮುಗಿದ ದಿನ ಹಾಸ್ಟೆಲಿನ ಮಂಚವೂ ನಮ್ಮದಲ್ಲ. ಆಮೇಲೆ ನಾವು ‘ಮನೆ ಬಾಡಿಗೆಗಿದೆ’ ಅನ್ನುವ ಬೋರ್ಡು ಹುಡುಕಿಕೊಂಡು ಅಲೀತೀವಿ. ಬಾಗಿಲು ತೆಗೆದವರು ಬಾಡಿಗೆ ಎಷ್ಟು ಅಂತ ಹೇಳುವ ಮೊದಲು ಯಾವೂರು, ಯಾವ ಜನ ಅಂತಾರೆ. ನೇರವಾಗಿ ಕೇಳೋಕೆ ನಾಚಿಕೆಯಾದವರು ಮಾಂಸ ತಿಂತೀರಾ ಅಂತಾರೆ. ತಿಂತೀವಿ ಅಂದರೆ, ನಿನ್ನೆ ತಾನೆ ಕೊಟ್ಟುಬಿಟ್ವಲ್ಲಪ್ಪ ಅಂತಾರೆ. ಬೋರ್ಡು ಮಾತ್ರ ಇನ್ನೊಂದು ತಿಂಗಳು ಅಲ್ಲೇ ನೇತಾಡ್ತಿರುತ್ತೆ.

ಇದು ಯಾರೋ ಒಬ್ಬ ಮಾಲೀಕನ ಕೆಟ್ಟತನವಲ್ಲ. ಇದು ಈ ನಗರದ ನಕ್ಷೆಯಲ್ಲೇ ಇರುವ ಸಂಗತಿ. ನಾವು ನಿಂತಿರುವ ಈ ಪೇಟೆಯನ್ನೇ ನೋಡಿ. ಬಳೆ ಮಾರುವವರಿಗೆ ಬಳೇಪೇಟೆ, ಅಕ್ಕಿ ಮಾರುವವರಿಗೆ ಅಕ್ಕಿಪೇಟೆ, ಹತ್ತಿ ಮಾರುವವರಿಗೆ ಅರಳೇಪೇಟೆ. ಕಸಬಿಗೊಂದು ಬೀದಿ. ಬೀದಿ ಗುಡಿಸುವವರ ಹೆಸರಿನಲ್ಲಿ ಮಾತ್ರ ಒಂದು ಪೇಟೆಯೂ ಇಲ್ಲ. 1898ರಲ್ಲಿ ಪ್ಲೇಗು ಬಂತು. ಪೇಟೆ ಕಿಕ್ಕಿರಿದಿದೆ, ಗಾಳಿಯಿಲ್ಲ, ಬೆಳಕಿಲ್ಲ ಅಂತ ಸರ್ಕಾರಕ್ಕೆ ಆಗ ಗೊತ್ತಾಯಿತು. ಚಾಮರಾಜಪೇಟೆ 1892ರಲ್ಲೇ ಹುಟ್ಟಿತ್ತು. ಪ್ಲೇಗಿನ ಮೇಲೆ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಅಗಲ ರಸ್ತೆ, ಹಿತ್ತಲು, ಮರ. ಆದರೆ ಆ ಹೊಸ ಬಡಾವಣೆಗಳ ಬ್ಲಾಕುಗಳನ್ನು ಜಾತಿ ನೋಡಿ ಹಂಚಿದರು. ಹಳ್ಳಿಯ ಊರು-ಕೇರಿ ಲೆಕ್ಕ ಎಂಜಿನಿಯರುಗಳ ಕಾಗದದ ಮೇಲೂ ಬಂತು. ಇವತ್ತು ಬಾಗಿಲಲ್ಲಿ ಕೇಳುವ ಪ್ರಶ್ನೆ ಅವತ್ತಿನ ನಕ್ಷೆಯ ಮೊಮ್ಮಗು.

ಈಗ ಸ್ವಲ್ಪ ದೂರ ಹೋಗೋಣ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಬ್ರೂಕ್ಲಿನ್ ಅಂತ ಒಂದು ಭಾಗ. ಅದರ ಪೂರ್ವದ ಕಡೆ ಕರಿಯರು, ಪೋರ್ಟೊರಿಕೊದಿಂದ ಬಂದವರು ವಾಸವಾಗಿದ್ದರು. ಅಂಥ ಬೀದಿಗಳಿಗೆ ಬ್ಯಾಂಕುಗಳು ಸಾಲ ಕೊಡ್ತಿರಲಿಲ್ಲ. 1970ರ ದಶಕದ ಹೊತ್ತಿಗೆ ಬೀದಿಗೆ ಬೀದಿಯೇ ಪಾಳು. ಆಗ ಅಲ್ಲಿನ ಚರ್ಚುಗಳು ಒಟ್ಟಿಗೆ ಕೂತವು. ಕ್ಯಾಥೊಲಿಕ್, ಲುಥೆರನ್, ಬ್ಯಾಪ್ಟಿಸ್ಟ್, ಎಲ್ಲ ಪಂಗಡಗಳೂ. ಅವರಿಗೆ ಸಂಘಟನೆಯ ಪಾಠ ಹೇಳಿದ್ದು 1940ರಲ್ಲಿ ಸಾಲ್ ಅಲಿನ್‌ಸ್ಕಿ ಕಟ್ಟಿದ ಸಂಸ್ಥೆ. ಈ ಅಲಿನ್‌ಸ್ಕಿ ಯಹೂದಿ. 1939ರಲ್ಲಿ ಷಿಕಾಗೋದ ಕಸಾಯಿಖಾನೆಗಳ ಹಿಂದಿನ ಕೇರಿಗಳಲ್ಲಿ ಕ್ಯಾಥೊಲಿಕ್ ಪಾದ್ರಿಗಳನ್ನೂ ಕಾರ್ಮಿಕ ಸಂಘವನ್ನೂ ಒಂದೇ ಮೇಜಿಗೆ ಕೂರಿಸಿದವನು.

ಬ್ರೂಕ್ಲಿನ್ನಿನವರು ಮೊದಲು ಮನೆ ಕೇಳಲಿಲ್ಲ. ಮೊದಲು ಮನೆ ಮನೆಗೆ ಹೋಗಿ ಕೂತು ಕೇಳಿಸಿಕೊಂಡರು. ಸಣ್ಣ ಕೆಲಸ ಹಿಡಿದರು; ಬೀದಿಯ ಹೆಸರಿನ ಬೋರ್ಡು ಹಾಕಿಸಿದರು, ಅಂಗಡಿಯಲ್ಲಿ ಕೊಳೆತ ಮಾಂಸ ಮಾರೋದನ್ನು ನಿಲ್ಲಿಸಿದರು. ಪ್ರತಿ ಚರ್ಚೂ ವಂತಿಗೆ ಕಟ್ಟಿತು. ಗೆದ್ದ ರುಚಿ ನಾಲಗೆಗೆ ಹತ್ತಿದ ಮೇಲೆ ಮನೆಯ ಮಾತು ತೆಗೆದರು. ಚರ್ಚುಗಳೇ ಲಕ್ಷಾಂತರ ಡಾಲರು ಬಡ್ಡಿಯಿಲ್ಲದ ಸಾಲವಾಗಿ ಒಂದು ನಿಧಿಗೆ ಹಾಕಿದವು. ಒಂದು ಸಾಲು ಮನೆ ಕಟ್ಟೋದು, ಮಾರಿ ಬಂದ ದುಡ್ಡಲ್ಲಿ ಮುಂದಿನ ಸಾಲು ಕಟ್ಟೋದು. ಆಮೇಲೆ ನಗರಸಭೆಯ ಮೇಯರ್ ಮುಂದೆ ನಿಂತು, ನಮ್ಮ ದುಡ್ಡು ಇಲ್ಲಿದೆ, ನಿಮ್ಮ ಪಾಳು ಭೂಮಿ ಎಲ್ಲಿ ಅಂದರು. ಭೂಮಿಯೂ ಬಂತು, ಮನೆಯೊಂದಕ್ಕೆ 10,000 ಡಾಲರಿನ ಬಡ್ಡಿಯಿಲ್ಲದ ಸಾಲವೂ ಬಂತು. 1982ರಲ್ಲಿ ಗುದ್ದಲಿ ಹಾಕಿದರು. ಇವತ್ತಿಗೆ ಅಂಥ ಮನೆಗಳು ಸಾವಿರಾರು.

ಅವಕ್ಕೆ ಇಟ್ಟ ಹೆಸರು ನೆಹೆಮೀಯನ ಮನೆಗಳು. ಬೈಬಲ್ಲಿನ ಈ ನೆಹೆಮೀಯ ಯೆರೂಸಲೇಮಿನ ಬಿದ್ದ ಗೋಡೆಯನ್ನು 52 ದಿನದಲ್ಲಿ ಕಟ್ಟಿಸಿದವನು. ಬಹಳ ಜನ ತಂತಮ್ಮ ಮನೆ ಎದುರಿನ ಗೋಡೆಯನ್ನು ತಾವೇ ಕಟ್ಟಿದರಂತೆ. ಪಾದ್ರಿಗಳು ಇಷ್ಟನ್ನು ಚೆನ್ನಾಗಿ ಹೇಳ್ತಾರೆ. ಐದನೇ ಅಧ್ಯಾಯವನ್ನು ಮಾತ್ರ ಬೇಗ ಬೇಗ ಓದಿ ಮುಗಿಸ್ತಾರೆ. ಅಲ್ಲಿ ಗೋಡೆ ಕಟ್ಟುವ ಬಡವರು ಬಾಯಿ ಬಡಕೊಳ್ತಾರೆ: ಕಾಳಿಗೋಸ್ಕರ ಹೊಲ ಅಡ ಇಟ್ಟೆವು, ಮನೆ ಅಡ ಇಟ್ಟೆವು, ಮಕ್ಕಳನ್ನು ಜೀತಕ್ಕೆ ಬಿಟ್ಟೆವು ಅಂತ. ಅಡ ಇಟ್ಟುಕೊಂಡವರು ಪರದೇಶದವರಲ್ಲ, ಅವರ ಕುಲದ ದೊಡ್ಡವರೇ. ನೆಹೆಮೀಯ ಅವರನ್ನೆಲ್ಲ ಸಭೆಗೆ ಎಳೆದು, ಹೊಲ ಮನೆ ವಾಪಸು ಮಾಡಿಸಿ, ಬಡ್ಡಿ ಬಿಡಿಸಿದ. ಜೀತ ಅಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಅಧ್ಯಾಯ ಗೋಡೆಯ ಕತೆಯಲ್ಲ, ನಮ್ಮ ಕತೆ.

ಹಾಗಂತ ಬ್ರೂಕ್ಲಿನ್ನನ್ನು ತಂದು ಇಲ್ಲಿ ನೆಡೋಕಾಗಲ್ಲ. ಆ ಮನೆಗಳು ಸಿಕ್ಕಿದ್ದು ಕಾಯಂ ಕೂಲಿ ಇದ್ದವರಿಗೆ, ಮುಂಗಡಕ್ಕೆ ನಾಲ್ಕು ಕಾಸು ಕೂಡಿಟ್ಟವರಿಗೆ. ಏನೂ ಇಲ್ಲದವನು ಅಲ್ಲೂ ಹೊರಗೇ ಉಳಿದ. ನಮ್ಮ ಗೋದಾಮಿನ ಹಮಾಲಿ, ಗುತ್ತಿಗೆಯ ಪೌರಕಾರ್ಮಿಕ, ಮುಸುರೆ ತಿಕ್ಕುವ ಅವ್ವ ಎಲ್ಲಿಂದ ಮುಂಗಡ ತರಬೇಕು? ಇನ್ನೊಂದು ಮಾತು. ಅಲ್ಲಿ ಭೂಮಿ ಪಾಳು ಬಿದ್ದಿತ್ತು. ಇಲ್ಲಿ ನಮ್ಮವರು ಕೆರೆಯಂಗಳ, ರಾಜಕಾಲುವೆ, ರೈಲು ಹಳಿಯ ಪಕ್ಕ ತಾವೇ ಮಣ್ಣು ತುಂಬಿ ಮನೆ ಕಟ್ಟಿಕೊಂಡಾಗಿದೆ. ಮನೆ ಇದೆ, ಕಾಗದ ಇಲ್ಲ. ಆದ್ದರಿಂದ ನಮ್ಮ ಮೊದಲ ಬೇಡಿಕೆ ಇಟ್ಟಿಗೆಯಲ್ಲ, ಹಕ್ಕುಪತ್ರ.

ಕಾನೂನು ಏನು ಹೇಳುತ್ತೆ? ಕರ್ನಾಟಕದ ಕೊಳಗೇರಿ ಕಾಯಿದೆ 1973ರದು. ಅದರ 3ನೇ ಕಲಮಿನಲ್ಲಿ ಸರ್ಕಾರ ಒಂದು ಜಾಗವನ್ನು ಕೊಳಗೇರಿ ಅಂತ ಘೋಷಿಸಬೇಕು. 17ನೇ ಕಲಮಿನಲ್ಲಿ ಆ ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳಬಹುದು. ಘೋಷಣೆಯಾಗದ ಕೇರಿ ಆ ಕಾಯಿದೆಯ ಕಣ್ಣಿಗೆ ಕಾಣೋದೇ ಇಲ್ಲ. 1985ರಲ್ಲಿ ಸುಪ್ರೀಂ ಕೋರ್ಟು ಮುಂಬಯಿಯ ಫುಟ್‌ಪಾತ್ ವಾಸಿಗಳ ಮೊಕದ್ದಮೆಯಲ್ಲಿ, ಹೊಟ್ಟೆಪಾಡು ಕೂಡ ಬದುಕುವ ಹಕ್ಕಿನ ಭಾಗ ಅಂದಿತು. ದೊಡ್ಡ ಮಾತು. ಆದರೆ ಅದೇ ತೀರ್ಪು ಅವರನ್ನು ಎತ್ತಂಗಡಿ ಮಾಡಲೂ ದಾರಿ ಬಿಟ್ಟಿತು. 2013ರ ಜನವರಿಯಲ್ಲಿ ನಮ್ಮ ಈಜಿಪುರದಲ್ಲಿ ಏನಾಯಿತು? ನಗರಪಾಲಿಕೆಯೇ ಬಡವರಿಗೆ ಕಟ್ಟಿದ್ದ ಕ್ವಾರ್ಟರ್ಸು ಕುಸಿದ ಮೇಲೆ ಜನ ತಗಡಿನ ಶೆಡ್ಡುಗಳಲ್ಲಿದ್ದರು. ಸುಮಾರು 22 ಎಕರೆ ಭೂಮಿ. ಅದರ ಅರ್ಧ ವ್ಯಾಪಾರಕ್ಕಾಗಿ ಖಾಸಗಿಯವರ ಕೈಗೆ. ಸಾವಿರಕ್ಕೂ ಹೆಚ್ಚು ಕುಟುಂಬಗಳ ಮೇಲೆ ಬುಲ್ಡೋಜರ್ ಹೋಯಿತು. ಮಕ್ಕಳು ಪುಸ್ತಕದ ಚೀಲ ಅಪ್ಪಿಕೊಂಡು ಫುಟ್‌ಪಾತಿನಲ್ಲಿ ಮಲಗಿದರು.

ಅಲ್ಲಿದ್ದವರು ದಲಿತರು, ಮುಸಲ್ಮಾನರು, ಕ್ರೈಸ್ತರು. ಬುಲ್ಡೋಜರ್ ಜಾತಿ ಪ್ರಮಾಣಪತ್ರ ಕೇಳಲ್ಲ. ಕೆಡವಿ ಆದ ಮೇಲೆ, ಮನೆ ಕೊಡುವ ಹೊತ್ತಿಗೆ ಕೇಳ್ತಾರೆ. ಒಂದೇ ಗೋಡೆಯ ಆಚೆ ಈಚೆ ಇಬ್ಬರು ಅಣ್ಣತಮ್ಮಂದಿರು. ಒಬ್ಬ ಮಾರಮ್ಮನ ಗುಡಿಗೆ ಹೋಗ್ತಾನೆ, ಅವನು ಪರಿಶಿಷ್ಟ ಜಾತಿ. ಇನ್ನೊಬ್ಬ ಚರ್ಚಿಗೆ ಹೋಗ್ತಾನೆ, ಅವನು ಪ್ರವರ್ಗ ಒಂದು. 1950ರ ರಾಷ್ಟ್ರಪತಿ ಆದೇಶ ಹಾಗೆ ಬರೆದಿದೆ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ ದಲಿತ ಇವತ್ತಿಗೂ ಹೊರಗೆ. ದೇವರು ಬದಲಾದ, ಕೇರಿ ಬದಲಾಗಲಿಲ್ಲ. ಬಾಡಿಗೆ ಮನೆ ಬಾಗಿಲಲ್ಲಿ ಇಬ್ಬರಿಗೂ ಒಂದೇ ಪ್ರಶ್ನೆ.

ಈ ಗೋಡೆಯನ್ನು ದಾಟಿ ಕೆಲಸ ಮಾಡಿದವರು ನಮ್ಮ ನಗರದಲ್ಲೇ ಇದ್ದಾರೆ. ರೂತ್ ಮನೋರಮಾ ಕ್ರೈಸ್ತ ದಲಿತ ಮನೆಯ ಹೆಣ್ಣುಮಗಳು. 1985ರಲ್ಲಿ ಬೆಂಗಳೂರಿನಲ್ಲಿ ವಿಮೆನ್ಸ್ ವಾಯ್ಸ್ ಕಟ್ಟಿದರು. ಕೊಳಗೇರಿ ಎತ್ತಂಗಡಿಯ ಎದುರು ಹೆಂಗಸರನ್ನು ನಿಲ್ಲಿಸಿದರು, ಮನೆಗೆಲಸದವರ ಸಂಘ ಕಟ್ಟಿದರು, ಕ್ರೈಸ್ತ ದಲಿತರ ಚಳವಳಿಯಲ್ಲೂ ದುಡಿದರು. 2006ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. ಪ್ರಶಸ್ತಿ ಇರಲಿ, ಕೇರಿಯ ಹೆಂಗಸರು ಅಧಿಕಾರಿಯ ಎದುರು ಕುರ್ಚಿ ಎಳೆದು ಕೂರುವಂತಾದದ್ದು ದೊಡ್ಡದು.

ನಮ್ಮಲ್ಲೇ ಕೆಲವರು ಕೇಳ್ತಾರೆ: ಚರ್ಚಿನವರ ಜೊತೆ ಯಾಕೆ? ಕಂಬಳಿ ಹಂಚ್ತಾರೆ, ಫೋಟೊ ತೆಗೀತಾರೆ, ಮತ ಕೇಳ್ತಾರೆ. ಈ ಅನುಮಾನ ನ್ಯಾಯವಾದದ್ದೇ. ಚರ್ಚಿನೊಳಗೂ ಜಾತಿ ಇದೆ. ದಕ್ಷಿಣ ಭಾರತದಲ್ಲಿ ಹೆಣ ಹೂಳುವ ಜಾಗವನ್ನೂ ಜಾತಿಗೊಂದು ಮಾಡಿರುವ ಊರುಗಳಿವೆ. ಆದರೆ ಇನ್ನೊಂದು ಸತ್ಯವೂ ಇದೆ. ಅಗ್ರಹಾರದ ಪಾಠಶಾಲೆ ನಮ್ಮ ನೆರಳನ್ನೂ ಸೇರಿಸದಿದ್ದ ಕಾಲದಲ್ಲಿ ನಮ್ಮವರ ಕೈಗೆ ಸ್ಲೇಟು ಕೊಟ್ಟವರಲ್ಲಿ ಮಿಷನ್ ಶಾಲೆಗಳವರು ಮೊದಲಿಗರು. ಪಕ್ಕದ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಯಾರ ಹೆಸರಿನದು? 1837ರಲ್ಲಿ ಇಲ್ಲಿಗೆ ಬಂದು, ಕನ್ನಡ ಕಲಿತು, ಕನ್ನಡ ಶಾಲೆ ತೆರೆದ ಬೆಂಜಮಿನ್ ರೈಸ್ ಹೆಸರಿನದು. ಋಣ ಇದೆ, ಇಲ್ಲ ಅನ್ನಲ್ಲ. ಋಣ ಇದೆ ಅಂತ ಕೈಕಟ್ಟಿಕೊಂಡೂ ನಿಲ್ಲಲ್ಲ. ಜೊತೆಗೆ ಕೂರ್ತೀವಿ, ನಾಲ್ಕು ಕರಾರಿನ ಮೇಲೆ.

ಒಂದು: ಮನೆಯ ಪಟ್ಟಿಯಲ್ಲಿ ಯಾರ ದೇವರನ್ನೂ ಕೇಳಬಾರದು. ಎರಡು: ತೀರ್ಮಾನ ಕೇರಿಯ ಸಭೆಯದು, ಪಾದ್ರಿಯದೂ ಅಲ್ಲ, ನಮ್ಮ ಸಮಿತಿಯ ಮುಖಂಡನದೂ ಅಲ್ಲ. ಮೂರು: ವಂತಿಗೆ ನಮ್ಮದೇ ಆಗಿರಬೇಕು, ತಿಂಗಳಿಗೆ ಹತ್ತು ರೂಪಾಯಾದರೂ ಸರಿ, ಹೊರಗಿನ ದುಡ್ಡು ನಿಂತ ದಿನ ಹೋರಾಟ ನಿಲ್ಲಬಾರದು. ನಾಲ್ಕು: ಹಕ್ಕುಪತ್ರ ಹೆಂಗಸಿನ ಹೆಸರಿಗೆ, ಯಾಕೆಂದರೆ ಕುಡಿದ ಅಮಲಿನಲ್ಲಿ ಹೆಬ್ಬೆಟ್ಟು ಒತ್ತಿ ಮನೆ ಕಳೆಯುವವರು ನಮ್ಮ ಗಂಡಸರೇ.

ಕರಾರಾದ ಮೇಲೆ ಒಂದು ಪ್ರಶ್ನೆಯನ್ನೂ ಇಡ್ತೀವಿ. ಬ್ರಿಟಿಷರ ಕಾಲದಿಂದ ಬಂದ ಮಿಷನ್ ಜಮೀನು ಈ ನಗರದ ನಡುವೆ ಇನ್ನೂ ಇದೆ. ಅದರಲ್ಲಿ ಒಂದು ತುಂಡಾದರೂ ಬಡವರ ಮನೆಗೆ ಬರುತ್ತೋ, ಇಲ್ಲ ಎಲ್ಲವೂ ಅಂಗಡಿ ಸಾಲಿಗೆ ಹೋಗುತ್ತೋ? ಇದೇ ಪ್ರಶ್ನೆ ಮಠಗಳಿಗೂ ಇದೆ, ಗೋಮಾಳ ಹಂಚುವ ಸರ್ಕಾರಕ್ಕೂ ಇದೆ. ಬ್ರೂಕ್ಲಿನ್ನಿನ ಚರ್ಚು ಮೊದಲು ತನ್ನ ಗಂಟು ಬಿಚ್ಚಿತು, ಆಮೇಲೆ ಮೇಯರನ್ನು ಕೇಳಿತು. ಆ ಕ್ರಮ ನೆನಪಿರಲಿ.

ಇನ್ನು ಹಾಸ್ಟೆಲಿನ ಗೆಳೆಯರಿಗೆ ಕೆಲಸ. ಭಾಷಣ ಕೇಳಿ ಚಪ್ಪಾಳೆ ತಟ್ಟಿ ಹೋಗಬೇಡಿ. ನಾಲ್ಕು ನಾಲ್ಕು ಜನ ಒಂದೊಂದು ಕೇರಿ ಹಿಡೀರಿ. ಒಂದು ನೋಟ್‌ಬುಕ್ಕು ಸಾಕು. ಎಷ್ಟು ಮನೆ, ಎಷ್ಟು ವರ್ಷದಿಂದ, ಕರೆಂಟು ಬಿಲ್ಲು ಇದೆಯಾ, ರೇಷನ್ ಕಾರ್ಡು ಇದೆಯಾ, ಮತಪಟ್ಟಿಯಲ್ಲಿ ಹೆಸರಿದೆಯಾ, ಬರೀರಿ. ಕೇರಿ 3ನೇ ಕಲಮಿನಲ್ಲಿ ಘೋಷಣೆಯಾಗಿದೆಯೋ ಇಲ್ಲವೋ ಅಂತ 2005ರ ಮಾಹಿತಿ ಹಕ್ಕಿನಲ್ಲಿ ಕೊಳಗೇರಿ ಮಂಡಳಿಗೆ ಅರ್ಜಿ ಹಾಕಿ. ಬಂದ ಉತ್ತರವನ್ನು ಅವ್ವಂದಿರ ಮುಂದೆ ಜೋರಾಗಿ ಓದಿ, ಅರ್ಥವಾಗುವ ತನಕ ಓದಿ. ಕೆಡವಲು ಬಂದವನ ಮುಂದೆ ಘೋಷಣೆ ಕೂಗೋದು ಒಂದು ಬಲ. ಕಾಗದ ಹಿಡಿದು ಕೂಗೋದು ಎರಡು ಬಲ. ನಮ್ಮಪ್ಪಂದಿರಿಗೆ ಅಕ್ಷರ ಇರಲಿಲ್ಲ, ಅವರನ್ನು ಒಂದು ಹೆಬ್ಬೆಟ್ಟಿನಲ್ಲಿ ಎಬ್ಬಿಸಿದರು. ನಮಗೆ ಅಕ್ಷರ ಬಂದಿದೆ. ಅದು ಬರೀ ನೌಕರಿಗೆ ಬಂದದ್ದಲ್ಲ.

ಬಾಬಾಸಾಹೇಬರು ಸಂವಿಧಾನ ಬರೆದುಕೊಟ್ಟರು. ನಾವು ಬರೆಯಬೇಕಾದದ್ದು ಇಷ್ಟೇ: ನಮ್ಮ ಕೇರಿಯ ಪಟ್ಟಿ. ಬರುವ ಭಾನುವಾರದಿಂದ ಶುರು ಮಾಡೋಣ. ಗುಡಿಗೆ ಹೋಗುವವರು ಗುಡಿ ಮುಗಿಸಿ, ಚರ್ಚಿಗೆ ಹೋಗುವವರು ಚರ್ಚು ಮುಗಿಸಿ, ಎಲ್ಲೂ ಹೋಗದವರು ಬೆಳಿಗ್ಗೆಯೇ ಬನ್ನಿ.

ಜೈ ಭೀಮ್.