ನೆರೆಮಾತಿನ ನೆಂಟಸ್ತಿಕೆ

(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯನ್ನೇರಿದವರು ಕದಂಬರಿಂದ ತೊಡಗಿ ವಿಜಯನಗರದವರೆಗೆ ನಾಡಿನ ವೈಭವವನ್ನು ಬಣ್ಣಿಸಿ ಕೆಳಗಿಳಿಯುವುದು ವಾಡಿಕೆ. ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುವವರು ಈ ಸಭೆಯಲ್ಲಿಯೇ ಇದ್ದಾರೆ. ನಾನು ನಿಮ್ಮನ್ನು ನಮ್ಮ ಕಾಚಿಗೂಡದ ರೈಲು ನಿಲ್ದಾಣಕ್ಕೆ ಮಾತ್ರ ಕರೆದುಕೊಂಡು ಹೋಗುತ್ತೇನೆ.

1916ರಲ್ಲಿ ನಿಜಾಮರು ಕಟ್ಟಿಸಿದ ಗುಮ್ಮಟಗಳ ಆ ಕಟ್ಟಡವನ್ನು ಕಾಣದ ಕನ್ನಡಿಗನು ಈ ಊರಿನಲ್ಲಿಲ್ಲ. ಬೆಂಗಳೂರಿನ ಗಾಡಿಗೆ ನಾವು ಹೋಗುವುದು ಅಲ್ಲಿಗೇ. 2023ರಲ್ಲಿ ಯಶವಂತಪುರದ ವಂದೇ ಭಾರತ್ ಗಾಡಿ ಆರಂಭವಾದದ್ದೂ ಅಲ್ಲಿಂದಲೇ. ಊರಿನಿಂದ ಹೊಸದಾಗಿ ವರ್ಗವಾಗಿ ಬಂದವರೊಬ್ಬರು ಆ ಪ್ಲಾಟ್‌ಫಾರಂ ಮೇಲೆ ನಿಂತಿದ್ದಾರೆನ್ನಿ. ಧ್ವನಿವರ್ಧಕದಲ್ಲಿ ತೆಲುಗಿನ ಪ್ರಕಟಣೆ ಬರುತ್ತದೆ: ಗಾಡಿ ‘ಆಲಸ್ಯಂಗಾ’ ನಡೆಯುತ್ತಿದೆ, ಅದಕ್ಕಾಗಿ ‘ಚಿಂತಿಸ್ತುನ್ನಾಮು’. ಗಾಡಿಗೆ ಸೋಮಾರಿತನ ಹಿಡಿದಿದೆ, ರೈಲ್ವೆಯವರು ಅದರ ಚಿಂತೆಯಲ್ಲಿದ್ದಾರೆ ಎಂದು ಅವರು ತಿಳಿದರೆ ನಗಬೇಡಿರಿ. ತೆಲುಗಿನಲ್ಲಿ ಆಲಸ್ಯವೆಂದರೆ ತಡ, ಚಿಂತಿಸುವುದೆಂದರೆ ವಿಷಾದಿಸುವುದು. ಎರಡೂ ಸಂಸ್ಕೃತದ ಮಾತುಗಳೇ. ಆದರೆ ಒಂದೇ ಮನೆಯಲ್ಲಿ ಹುಟ್ಟಿ ಬೇರೆ ಬೇರೆ ಊರಿಗೆ ಸೊಸೆಯಾಗಿ ಹೋದ ಅಕ್ಕತಂಗಿಯರಂತೆ ಅತ್ತೆಮನೆಯ ರೀತಿಗೆ ಒಗ್ಗಿಹೋಗಿವೆ.

ದೂರದ ಭಾಷೆಯನ್ನು ಕಲಿಯುವುದು ಕಷ್ಟವೆಂದು ಲೋಕವು ಹೇಳುತ್ತದೆ. ಹತ್ತಿರದ ಭಾಷೆಯೇ ಹೆಚ್ಚು ಮೋಸಮಾಡುತ್ತದೆ ಎಂಬುದು ನನ್ನ ಅನುಭವ. ಜರ್ಮನ್ ಕಲಿಯುವವನು ಪ್ರತಿಯೊಂದು ಶಬ್ದಕ್ಕೂ ನಿಘಂಟನ್ನು ತೆರೆಯುತ್ತಾನೆ; ತೆಲುಗು ಕಲಿಯುವ ಕನ್ನಡಿಗನು ಅದನ್ನು ತೆರೆಯುವುದೇ ಇಲ್ಲ. ಲಿಪಿಯನ್ನು ನೋಡಿರಿ: ತಲೆಕಟ್ಟಿನ ವ್ಯತ್ಯಾಸ ಬಿಟ್ಟರೆ ಬಹಳಷ್ಟು ಅಕ್ಷರಗಳು ಒಂದೇ. ಅಕ್ಷರ ತಿಳಿಯಿತು, ಶಬ್ದವೂ ಪರಿಚಿತ, ಇನ್ನೇನು ಉಳಿಯಿತೆಂದು ನಾವು ಮೈಮರೆಯುತ್ತೇವೆ. ಉಳಿಯುವುದು ಅರ್ಥ. ನಮ್ಮ ‘ತೊಂದರೆ’ ಅವರಲ್ಲಿ ‘ತೊಂದರ’ವಾಗಿ ಅವಸರವೆಂಬ ಅರ್ಥವನ್ನು ಕೊಡುತ್ತದೆ, ನಮ್ಮ ‘ಅವಸರ’ವು ಅವರಲ್ಲಿ ‘ಅವಸರಂ’ ಆಗಿ ಅಗತ್ಯವಾಗುತ್ತದೆ, ಅದೇ ಶಬ್ದ ಹಿಂದಿಗೆ ಹೋದರೆ ಸಂದರ್ಭವೆಂದಾಗುತ್ತದೆ. ನಾನೀಗ ಮಾಡುತ್ತಿರುವ ಉಪನ್ಯಾಸವನ್ನು ಹಿಂದಿಯವರು ಕಾದಂಬರಿಯೆಂದು ತಿಳಿಯಬಹುದು. ನಮ್ಮಲ್ಲಿ ‘ಶಿಕ್ಷೆ’ಯೆಂದರೆ ದಂಡನೆ, ಅವರಲ್ಲಿ ವಿದ್ಯೆ. ನಮ್ಮ ಕಾಲದ ಶಾಲೆಗಳಲ್ಲಿ ಎರಡಕ್ಕೂ ಹೆಚ್ಚಿನ ಅಂತರವಿರಲಿಲ್ಲ, ಆ ಮಾತು ಬೇರೆ.

ಇದು ಬರಿಯ ವಿನೋದವಾಗಿದ್ದರೆ ನಿಮ್ಮ ಹೊತ್ತನ್ನು ಹಾಳುಮಾಡುತ್ತಿರಲಿಲ್ಲ. ನಮ್ಮ ಬೀದಿಯ ಒಂದು ಮನೆಯ ಸಂಗತಿ. ರಾಯಚೂರಿನ ಕಡೆಯಿಂದ ಮಗನ ಮನೆಗೆ ಬಂದಿದ್ದ ವೃದ್ಧೆಗೆ ಮೊಣಕಾಲು ನೋವು. ಹಿರಿಯರೆಲ್ಲ ಕೆಲಸಕ್ಕೆ ಹೋಗಿದ್ದರಿಂದ ಹತ್ತು ವರ್ಷದ ಮೊಮ್ಮಗಳು ಅಜ್ಜಿಯ ಕೈಹಿಡಿದು ವೈದ್ಯರಲ್ಲಿಗೆ ಕರೆದೊಯ್ದಳು. ವೈದ್ಯರು ಒಂದು ಗುಳಿಗೆಯನ್ನು ತೋರಿಸಿ, “ಇದಿ ಅವಸರಮೈತೇನೇ” ಎಂದರು. ಬೇಕೆನಿಸಿದರೆ ಮಾತ್ರ ಎಂದರ್ಥ. ಹುಡುಗಿಗೆ ಕನ್ನಡದಲ್ಲಿ ‘ಬೇಕಾದರೆ’ ಎಂಬ ಮಾತು ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ‘ಅವಸರ’ವು ಕನ್ನಡದಲ್ಲಿಯೂ ಇದೆಯೆಂದು ಅವಳಿಗೆ ಗೊತ್ತು. “ಅಜ್ಜಿ, ಇದು ಅವಸರಕ್ಕೆ ತಗೊಳ್ಳೋದಂತ” ಎಂದಳು. ಅಜ್ಜಿ ಅಲ್ಲಿಯೇ ನೀರು ತರಿಸಿ ಅವಸರವಾಗಿಯೇ ನುಂಗಿದರು; ಸಂಜೆಯ ಹೊತ್ತಿಗೆ ಮತ್ತೊಂದನ್ನೂ. ಮರುದಿನ ಮಧ್ಯಾಹ್ನದವರೆಗೆ ಎಚ್ಚರವಿಲ್ಲದ ನಿದ್ರೆ. ದೇವರ ದಯದಿಂದ ಹೆಚ್ಚಿನ ಅನಾಹುತವಾಗಲಿಲ್ಲ.

ಆ ಮಗುವನ್ನು ಮನೆಯವರೆಲ್ಲ ಬೈದರೆಂದು ಕೇಳಿ ನನಗೆ ಕೆಡುಕೆನಿಸಿತು. ಅವಳು ಮಾಡಿದ್ದು ಭಾಷಾಂತರಕಾರರೆಲ್ಲ ಮಾಡುವ ತಪ್ಪು: ಶಬ್ದವನ್ನು ದಾಟಿಸಿದಳು, ಮಾತು ಈಚೆಯ ದಡದಲ್ಲಿಯೇ ಉಳಿಯಿತು. ಅವಳಿಗೆ ತೆಲುಗು ಬರುತ್ತದೆ, ಬಾರದ್ದು ಕನ್ನಡ. ಭಾಷಾಂತರವು ಕೆಡುವುದು ಹಲವು ಸಲ ಪರಭಾಷೆಯ ಅಜ್ಞಾನದಿಂದಲ್ಲ, ಮನೆಮಾತಿನ ಬಡತನದಿಂದ. ಮನೆಯಲ್ಲಿ ಅವಳೊಡನೆ ಕನ್ನಡ ಮಾತಾಡದೆ, ಶಾಲೆಗೆ ತೊಡಕಾದೀತೆಂದು ಇಂಗ್ಲಿಷಿನಲ್ಲಿಯೇ ನಡೆಸಿಕೊಂಡು ಬಂದ ದೊಡ್ಡವರು ಆ ಹೊತ್ತು ಯಾರನ್ನು ಬೈಯಬೇಕಾಗಿತ್ತು?

ಕಾಚಿಗೂಡದಲ್ಲಿ ಕನ್ನಡಕ್ಕಾಗಿ ನೃಪತುಂಗನ ಹೆಸರಿನ ಶಾಲೆಯನ್ನೂ ಸಾಹಿತ್ಯ ಮಂದಿರವನ್ನೂ ಕಟ್ಟಿದ ಹಿರಿಯರಿಗೆ ಈ ಕಷ್ಟವು ಬೇರೊಂದು ಬಗೆಯಲ್ಲಿ ತಿಳಿದಿತ್ತು. ನಿಜಾಮರ ಆಳ್ವಿಕೆಯಲ್ಲಿ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹುಡುಗರು ಮೇಲಿನ ತರಗತಿಗಳನ್ನು ಉರ್ದುವಿನಲ್ಲಿ ಓದಬೇಕಾಗಿತ್ತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾಯಿತು. ಅದರ ಪಠ್ಯಗಳಿಗಾಗಿ 1917ರಲ್ಲಿಯೇ ‘ದಾರುಲ್ ತರ್ಜುಮಾ’ ಎಂಬ ಭಾಷಾಂತರ ಶಾಖೆ ಹುಟ್ಟಿ, ಮೌಲವಿ ಅಬ್ದುಲ್ ಹಕ್ ಅವರ ಕೈಗೆ ಬಂದಿತು. ಭಾರತದ ಒಂದು ಭಾಷೆಯಲ್ಲಿಯೇ ಗಣಿತ, ವೈದ್ಯ, ಇತಿಹಾಸಗಳನ್ನೆಲ್ಲ ಕಲಿಸಬಹುದೆಂದು ತೋರಿಸಿದ ಆ ಸಾಹಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಮನೆಯಲ್ಲಿ ‘ಮೂರು ಮೂಲೆ’ ಎನ್ನುತ್ತಿದ್ದ ಲಿಂಗಸುಗೂರಿನ ಹುಡುಗನಿಗೆ ‘ಮುಸಲ್ಲಸ್’ ಎಂಬುದು ‘ಟ್ರಯಾಂಗಲ್’ನಷ್ಟೇ ದೂರ. ಉರ್ದುವಿಗೆ ತಾಯ್ನುಡಿಯ ಗೌರವವನ್ನು ತಂದ ವ್ಯವಸ್ಥೆಯೇ ಕನ್ನಡದ ಹುಡುಗನಿಗೆ ಪರಭಾಷೆಯ ಹೊರೆಯಾಯಿತು.

ಆ ಹೊರೆಯನ್ನೇ ಬುತ್ತಿಮಾಡಿಕೊಂಡವರೂ ಉಂಟು. ರಾಯಚೂರು ಜಿಲ್ಲೆಯ ಹೆಂಬೇರಾಳದವರಾದ ಶಾಂತರಸರು, 2006ರಲ್ಲಿ ಬೀದರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು, ಉರ್ದುವಿನ ಗಜಲನ್ನು ಕನ್ನಡಕ್ಕೆ ಒಗ್ಗಿಸಿದರು. ಉರ್ದುವಿನಂತೆ ಕನ್ನಡದಲ್ಲಿಯೂ ಕ್ರಿಯಾಪದವು ವಾಕ್ಯದ ಕೊನೆಗೆ ನಿಲ್ಲುವುದರಿಂದ, ಸಾಲಿನ ತುದಿಯಲ್ಲಿ ಮರಳಿ ಬರುವ ‘ರದೀಫ್’ ನಮ್ಮ ಕಿವಿಗೆ ಪರಕೀಯವೆನಿಸುವುದಿಲ್ಲ. ಹಾಗೆಯೇ ನಮ್ಮಲ್ಲಿ ಅನೇಕರ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಉರ್ದು ಕಾಗದಗಳಿರಬಹುದು. ಅವುಗಳನ್ನು ಓದಿಸುವಾಗ ‘ರಾಜೀನಾಮಾ’ ಎಂದು ಕಂಡರೆ ಅಜ್ಜ ನೌಕರಿ ಬಿಟ್ಟನೆಂದು ತಿಳಿಯಬೇಡಿರಿ. ಉರ್ದುವಿನಲ್ಲಿ ಅದು ಇಬ್ಬರು ರಾಜಿಯಾದ ಪತ್ರ. ಜಮೀನಿನ ವ್ಯಾಜ್ಯದಲ್ಲಿ ಈ ಒಂದು ಶಬ್ದದಿಂದ ಹೊಲವೇ ಕೈಬಿಟ್ಟುಹೋಗಬಹುದು.

ಎರಡು ಭಾಷೆಗಳ ನಡುವೆ ಬಾಳುವುದು ನಮಗೆ ಹೊಸದೇನೂ ಅಲ್ಲ. ಇದೇ ತೆಲಂಗಾಣದ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭನು ಹತ್ತನೆಯ ಶತಮಾನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಬರೆಯಿಸಿದ ಶಾಸನವಿದೆ. ಅದರಲ್ಲಿರುವ ತೆಲುಗಿನ ಕಂದಪದ್ಯಗಳನ್ನು ತೆಲುಗು ವಿದ್ವಾಂಸರು ಕಣ್ಣಿಗೊತ್ತಿಕೊಳ್ಳುತ್ತಾರೆ. ಕನ್ನಡದ ಆದಿಕವಿಯ ಒಡಹುಟ್ಟಿದವನಿಗೆ ನೆರೆಯ ಭಾಷೆಯು ಪರಕೀಯವಾಗಿರಲಿಲ್ಲ. ಕನ್ನಡ ತೆಲುಗುಗಳೆರಡಕ್ಕೂ ಶಾಸ್ತ್ರೀಯ ಭಾಷೆಯ ಮನ್ನಣೆ ದೊರೆತದ್ದೂ ಒಂದೇ ವರ್ಷ, 2008ರಲ್ಲಿ.

ಕೊನೆಯದಾಗಿ, ಇಂದಿನ ಆಹ್ವಾನಪತ್ರಿಕೆಯ ವಿಷಯ. ಅಕ್ಕಪಕ್ಕದ ತೆಲುಗು ಮನೆಗಳಿಗೂ ಹಂಚಬೇಕು, ತೆಲುಗು ಮಾಡಿಕೊಡಿರೆಂದು ಕಾರ್ಯದರ್ಶಿಗಳು ನನಗೆ ಕೊಟ್ಟಿದ್ದರು. ಮೊದಲ ಸಾಲು, ‘ನಮ್ಮ ನಾಡಹಬ್ಬಕ್ಕೆ ದಯಮಾಡಿಸಿರಿ.’ ಲೇಖನಿ ಅಲ್ಲಿಯೇ ನಿಂತಿತು. ತೆಲುಗಿನಲ್ಲಿ ‘ನಮ್ಮ’ ಎಂಬುದಕ್ಕೆ ಎರಡು ಮಾತುಗಳಿವೆ. ಕೇಳುವವನನ್ನು ಹೊರಗಿಟ್ಟರೆ ‘ಮಾ’, ಒಳಗೆ ಸೇರಿಸಿಕೊಂಡರೆ ‘ಮನ’. ತುಳುವಿನಲ್ಲಿ ‘ಎಂಕುಳು’, ‘ನಮ’ ಎಂದೂ, ಮರಾಠಿಯಲ್ಲಿ ‘ಆಮ್ಹೀ’, ‘ಆಪಣ’ ಎಂದೂ ಇದೇ ಭೇದವುಂಟು. ಇಂದಿನ ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. ಕನ್ನಡದಲ್ಲಿ ಬರೆಯುವಾಗ ಎಂದೂ ಕೇಳಿಕೊಳ್ಳದ ಪ್ರಶ್ನೆಗೆ ತೆಲುಗು ಉತ್ತರ ಬೇಡುತ್ತದೆ: ಈ ಹಬ್ಬ ಯಾರದು?

1956ರ ನವೆಂಬರ್ 1ರಂದು ಬೀದರ, ಗುಲಬರ್ಗಾ, ರಾಯಚೂರುಗಳು ಮೈಸೂರು ರಾಜ್ಯವನ್ನು ಸೇರಿದವು. ಅದೇ ದಿನ ಹುಟ್ಟಿದ ಆಂಧ್ರಪ್ರದೇಶದಲ್ಲಿ ಈ ಕಾಚಿಗೂಡ ಉಳಿಯಿತು. 2014ರ ಜೂನ್ 2ರಿಂದ ಇದು ತೆಲಂಗಾಣ. ನಾವು ಕೊಂಡಾಡುವ ದಿನವೇ ನಮ್ಮನ್ನು ಹೊರನಾಡಿನವರನ್ನಾಗಿ ಮಾಡಿದ ದಿನ. ‘ಮಾ’ ಎಂದು ಬರೆದರೆ ವ್ಯಾಕರಣಕ್ಕೂ ಚರಿತ್ರೆಗೂ ಸರಿ. ಆದರೆ ಗಣೇಶನ ಹಬ್ಬಕ್ಕೆ, ಬತುಕಮ್ಮಕ್ಕೆ ನಮ್ಮ ಹೆಣ್ಣುಮಕ್ಕಳನ್ನು ಕೈಹಿಡಿದು ಕರೆದೊಯ್ಯುವ ಎದುರುಮನೆಯ ತಾಯಿಗೆ ಆ ಅಕ್ಷರವನ್ನು ಹೇಗೆ ಕೊಡಲಿ? ಎರಡು ದಿನ ಯೋಚಿಸಿ, ಮೇಲಿನ ಸಾಲಿನಲ್ಲಿ ‘ಮಾ’ ಎಂದೇ ಬರೆದೆ. ಇಲ್ಲದುದನ್ನು ಹೇಳುವುದು ಬೇಡವೆನಿಸಿತು. ಊಟದ ಸಾಲಿನಲ್ಲಿ ಮಾತ್ರ ‘ಮನಮಂದರಂ ಕಲಿಸಿ ಭೋಜನಂ ಚೇದ್ದಾಂ’ ಎಂದು ಬರೆದಿದ್ದೇನೆ.

ಅದರಲ್ಲಿರುವ ‘ಕಲಿಸಿ’ಗೆ ಒಟ್ಟುಗೂಡಿ ಎಂದು ಅರ್ಥ. ಕನ್ನಡದವರು ಅದನ್ನು ಕನ್ನಡವಾಗಿಯೇ ಓದಿಕೊಂಡು, ಊಟಕ್ಕೆ ಮೊದಲು ಇನ್ನೂ ಏನೋ ಕಲಿಸುತ್ತಾರೆಂದು ಹೆದರಿ ಮನೆಗೆ ಹೊರಡಬೇಡಿರಿ. ಎಲೆ ಹಾಕಿದ್ದಾರೆ.